ಕೋಳಿಗೆ ಹಚ್ಚಿದ ಕುಂಕುಮ

ಪುಣೆಯ ಖಡಕಿಯಲ್ಲಿ ರುದ್ರವ್ವನ ಮನೆ. ಮಹಾಯುದ್ಧದ ಕಾಲ, ದಾರಿಯಲ್ಲಿ ಮಿಲಿಟರಿ ಲಾರಿಗಳ ಓಡಾಟ. ಕೋಳಿಗಳು ಚಕ್ರಕ್ಕೆ ಸಿಕ್ಕಾವೆಂದು ರುದ್ರವ್ವ ಅವನ್ನು ದಿನವಿಡೀ ಸಣ್ಣ ಗೂಡಿನಲ್ಲೇ ಕೂಡಿಹಾಕುತ್ತಿದ್ದಳು. ಹೊಸ ಸೊಸೆ ಉಮಾವತಿ ಬೆಳಗಾವಿಯ ತವರಿನಿಂದ ತಂದ ಬಿಳಿ ಹೇಂಟೆಯನ್ನೂ ಅದೇ ಗೂಡಿಗೆ ಬಿಟ್ಟರು.

ಆ ಗೂಡಿನಲ್ಲಿ ಒಂದು ಕರಿ ಹೇಂಟೆಯ ದರ್ಬಾರು. ಅದು ಬಿಳಿಯದನ್ನು ಕುಕ್ಕಿದರೆ ಉಳಿದವೂ ಕುಕ್ಕುವವು. ಬಿಳಿಯದರ ಬೆನ್ನಿನ ಪುಕ್ಕ ಉದುರಿತು. ಕಾಳು ಹಾಕಿದಾಗ ಅದು ಮೂಲೆಯಲ್ಲಿ ನಿಂತು, ಉಳಿದವು ತಿಂದು ಬಿಟ್ಟದ್ದನ್ನು ಹೆಕ್ಕುತ್ತಿತ್ತು.

ಯಾರದೋ ದೃಷ್ಟಿ ತಾಗಿದೆ ಎಂದು ರುದ್ರವ್ವ ಮೈಲಾರಲಿಂಗನನ್ನು ನೆನೆದು ದಿನಾ ಅದರ ಬೆನ್ನಿಗೆ ಕುಂಕುಮ ಹಚ್ಚಿದಳು. ಕುಕ್ಕಾಟ ಹೆಚ್ಚಿ ರಕ್ತವೇ ಬಂತು.

"ಇದು ಅಪಶಕುನದ ಕೋಳಿ. ಬುಧವಾರ ಕೊಯ್ದು ಸಾರು ಮಾಡೂಣು," ಎಂದಳು ರುದ್ರವ್ವ.

"ಬ್ಯಾಡ್ರಿ ಅತ್ತೀ. ನಮ್ಮವ್ವ ಸಾಕಿದ್ದು," ಎನ್ನುವಷ್ಟರಲ್ಲಿ ಉಮಾವತಿಯ ಕಣ್ಣು ತುಂಬಿದವು.

ಕೆಂಡ ಕೇಳಲು ಬಂದಿದ್ದಳು ಪಕ್ಕದ ಮನೆಯ ಪ್ರೇಮಾವತಿ. ಹತ್ತಿರದ ಸಾಸವಡ ಊರಿನಲ್ಲಿ ಕೋಳಿ ಸಾಕಿಯೇ ಸಂಸಾರ ನಡೆಸಿದವಳು.

"ಯಕ್ಕಾ, ಕೋಳಿಗಿ ಕುಂಕುಮ? ಇದಕ್ಕೇನು ಮದಿವಿ ಮಾಡ್ತೀಯೇನು?"

"ನಗಬ್ಯಾಡ ಪ್ರೇಮಾ. ದೃಷ್ಟಿ ತಾಗೇದ."

"ಖರೆ ಅದ. ಉಳಿದ ಕೋಳಿಗೋಳ ದೃಷ್ಟಿ ತಾಗೇದ!"

ಪ್ರೇಮಾವತಿ ಒಂದು ಬಿಳಿ ಚಿಂದಿಗೆ ಕುಂಕುಮದ ಬೊಟ್ಟಿಟ್ಟು ಗೂಡಿಗೆ ಹಾಕಿದಳು. ಕೋಳಿಗಳು ಮುಗಿಬಿದ್ದು ಆ ಬೊಟ್ಟನ್ನೇ ಕುಕ್ಕಿದವು.

"ಕೆಂಪು ಕಂಡ್ರ ಕೋಳಿ ಬಿಡಂಗಿಲ್ಲ ಯಕ್ಕಾ. ಮೈಲಾರಲಿಂಗಗ ಬೇಕಾದ್ದು ಅರಿಷಿಣದ ಭಂಡಾರ. ಜೇಜುರಿ ಅವನ ಗುಡಿಯಿಂದ ತಂದ ಅರಿಷಿಣ ಅದ ಇಲ್ಲೋ? ಕೊಬ್ಬರಿ ಎಣ್ಣ್ಯಾಗ ಕಲಿಸಿ ಗಾಯಕ್ಕ ಹಚ್ಚು. ಗಾಯ ಮಾಯೂತನಕ ಇದನ್ನ ಗೂಡಿನ ಮಗ್ಗಲಕ ಕಿಂಡಿ ಬುಟ್ಟ್ಯಾಗ ಇಡು. ಒಂದನ್ನೊಂದು ನೋಡಿಕೋತ ರೂಢಿ ಆಗ್ತಾವ."

"ಆ ಕರೀದು?"

"ಅದನ್ನೂ ನಾಕು ದಿನ ಬ್ಯಾರೆ ಇಡು. ಉಳಿದವನ್ನ ಹಿತ್ತಲಕ ಬಿಡು. ಇಕ್ಕಟ್ಟಿನ್ಯಾಗ ಕೆಲಸಿಲ್ಲದ ಕುಂತ್ರ ಮನಷ್ಯಾರೂ ಜಗಳಾಡ್ತಾರ. ಕಾಳು, ನೀರು ಎರಡ್ಮೂರು ಕಡೆ ಇಡು. ಒಂದು ಸೊಪ್ಪಿನ ಕಟ್ಟು ತೂಗಹಾಕು, ಕುಕ್ಕಿದ್ರ ಅದನ್ನ ಕುಕ್ಕಲಿ."

ರುದ್ರವ್ವನ ಮಗ ಮಹಾಲಿಂಗ ಹಿತ್ತಲಿಗೆ ಮುಳ್ಳುಬೇಲಿ ಹಾಕಿದ. ಬುಧವಾರ ಹುರುಳಿ ಸಾರೇ ಆಯಿತು.

ಗಾಯ ಮಾಯ್ದು ಪುಕ್ಕ ಬಂದ ಮೇಲೆ ಬಿಳಿ ಹೇಂಟೆ ಎಲ್ಲವುಗಳ ಜೊತೆ ಕಾಳು ತಿನ್ನತೊಡಗಿತು. ಬೇರೆಯಿದ್ದು ಮರಳಿದ ಕರಿಯದು ಈಗ ಹಿಂದೆ ನಿಲ್ಲಬೇಕಾಯಿತು.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ," ಎಂದು ಪ್ರೇಮಾವತಿ ನಕ್ಕಳು.

ರುದ್ರವ್ವ ನಗಲಿಲ್ಲ. "ಹೊಸದಾಗಿ ಬಂದದ್ದಷ್ಟೇ ಇದರ ತಪ್ಪು. ಕುಕ್ಕಿದ್ದನ್ನ ಬಿಟ್ಟು ಕುಕ್ಕಿಸಿಕೊಂಡದ್ದನ್ನ ಕೊಯ್ಯಾಕ ಹೊಂಟಿದ್ದೆ," ಎಂದಳು. ಅವಳಿಗೆ ನಿಜಕ್ಕೂ ನಾಚಿಕೆಯಾಗಿತ್ತು.

ಆ ಮನೆಯಲ್ಲಿ ಸೊಸೆ ಎಲ್ಲರದೂ ಮುಗಿದ ಮೇಲೆ, ಉಳಿದದ್ದನ್ನು ಉಣ್ಣುತ್ತಿದ್ದಳು. ಅಂದು ಮಧ್ಯಾಹ್ನ ರುದ್ರವ್ವ ತನ್ನ ಪಕ್ಕದಲ್ಲಿ ಇನ್ನೊಂದು ತಾಟು ಇಟ್ಟಳು.

"ಉಮಾ, ಬಾರವಾ. ರೊಟ್ಟಿ ಬಿಸಿ ಅದಾವ, ಕೂಡೇ ಉಣ್ಣೂಣು."

ಅಕ್ಕಂದಿರೇ, ತಾಯಂದಿರೇ, ಇಂದೇ ನಿಮ್ಮ ಗೂಡಿನೊಳಗೆ ಇಣುಕಿ ನೋಡಿರಿ. ಪುಕ್ಕ ಉದುರಿದ ಕೋಳಿ ಕಂಡರೆ ಅದನ್ನು ಹಳಿಯಬೇಡಿ. ಗಾಯ ಮುಚ್ಚಿರಿ, ಗೂಡು ಬಿಚ್ಚಿರಿ, ಕಾಳು ಎಲ್ಲಕ್ಕೂ ಸಿಗುವಂತೆ ಹಾಕಿರಿ. ಮೂಲೆಯಲ್ಲಿ ನಿಂತದ್ದು ಯಾವುದೆಂದು ಮೊದಲು ನೋಡಿರಿ.