ಉಪ್ಪುನೀರಿಗೆ ಬಿದ್ದ ಕಡಲ ಹುಳ

ದೇವಮ್ಮಣ್ಣಿ ಹಾಕಿದ ಉಪ್ಪಿನಕಾಯಿ ಕೆಟ್ಟಿತು ಅಂತ ನಂಜನಗೂಡಿನ ಅವಳ ಬೀದಿಯಲ್ಲಿ ಅಂದವರಿಲ್ಲ. ಎರಡು ಮಳೆಗಾಲ ಕಳೆದ ಮಾವಿನಕಾಯಿಯನ್ನೂ ಜಾಡಿಯಿಂದ ತೆಗೆದು ಕಚ್ಚಿದರೆ ಕರುಂ ಅನ್ನುತ್ತಿತ್ತು. ತನ್ನ ಕೈಯ ಮೇಲೆ ಅವಳಿಗಿದ್ದ ಆ ನಂಬಿಕೆಯೇ ಆಮೇಲೆ ಮಗಳ ಪಾಲಿಗೆ ಮುಳುವಾಯಿತು.

ಮಗಳು ಶಿವರಂಜನಿ ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಕಾರವಾರದ ಆಚೆ ಚಿಪ್ಪೆಕೊಳ್ಳವೆಂಬ ಮೀನುಗಾರರ ಊರಿನಲ್ಲಿ ಕಡಲ ಮರಳನ್ನು ಜರಡಿ ಹಿಡಿದು ಹಿಡಿದು ಒಂದು ಹುಳ ಹುಡುಕಿ ತಂದಿದ್ದಳು. ಅಕ್ಕಿಕಾಳಿಗಿಂತ ಉದ್ದವಿಲ್ಲ, ಹೊಲಿಗೆ ದಾರಕ್ಕಿಂತ ದಪ್ಪವಿಲ್ಲ. ಒಂದು ದಿನ ಕಾಲೇಜಿನ ಮೈಕ್ರೋಸ್ಕೋಪನ್ನು ಮನೆಗೆ ತಂದು ಅವ್ವನಿಗೂ ತೋರಿಸಿದಳು. ದೇವಮ್ಮಣ್ಣಿ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಮೈಯ ಎರಡೂ ಬದಿಗೆ ಗಾಜಿನ ಎಳೆಯಂಥ ಕೂದಲು, ಒಂದೊಂದರ ತುದಿಯೂ ಕವೆಯಾಗಿ ಒಡೆದು ಹೊಳೆಯುತ್ತಿತ್ತು.

"ಅಯ್ ಶಿವನೇ, ಮಗ, ಇದ್ಕೆ ಯಾರ್ ಇಷ್ಟೊಂದ್ ಒಡ್ವೆ ಹಾಕಿ ಕಳ್ಸ್‌ದೋರು!"

"ಆ ಕವೆ ಐತಲ್ಲವ್ವ, ಅಂಥದ್ದು ಇನ್ಯಾವ ಹುಳಕ್ಕೂ ಇಲ್ಲ. ಲೋಕದಲ್ಲಿ ಯಾರೂ ಇದನ್ನ ಬರೆದಿಟ್ಟಿಲ್ಲ. ನಾನೇ ಬರೀಬೇಕು, ನಾನೇ ಹೆಸರಿಡಬೇಕು."

ವರ್ಷಗಟ್ಟಲೆ ಬರೆದಳು. ಕೂದಲು ಕೂದಲಿಗೂ ಚಿತ್ರ ಬಿಡಿಸಿದಳು. ನಡುವೆ ಟಿ. ನರಸೀಪುರದ ಹೈಸ್ಕೂಲು ಮೇಷ್ಟ್ರು ಗಂಗಾಧರಸ್ವಾಮಿಯ ಜೊತೆ ಮದುವೆಯಾಯಿತು. ಕಾಲೇಜಿನ ಲ್ಯಾಬು ಸೋರುತ್ತಿತ್ತು, ಗಂಡನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಿಕ್ಕಿದ್ದ ಬೆರಳೆಣಿಕೆಯಷ್ಟು ಹುಳಗಳನ್ನೂ ಒಂದೇ ಬಾಟಲಿಯಲ್ಲಿ ಸ್ಪಿರಿಟ್ಟಿಗೆ ಹಾಕಿ ತವರುಮನೆಯ ಬೀರುವಿನಲ್ಲಿಟ್ಟು ಹೋದಳು.

"ಅವ್ವ, ಇದು ಕೆಡಬಾರ್ದು. ಮುಚ್ಚಳ ಬಿಗಿಯಾಗಿರ್ಲಿ. ಅಷ್ಟು ನೋಡ್ಕೊ ಸಾಕು."

ದೇವಮ್ಮಣ್ಣಿ ನೋಡಿಕೊಂಡಳು. ದಿನಾ ಬೆಳಗ್ಗೆ ಪೂಜೆ ಮುಗಿಸಿ ಮುಚ್ಚಳ ಮುಟ್ಟಿ ನೋಡುವುದು ಅವಳಿಗೆ ಅಭ್ಯಾಸವಾಗಿಹೋಯಿತು. ಎಷ್ಟು ಬಿಗಿ ಮಾಡಿದರೂ ಸ್ಪಿರಿಟ್ಟಿನ ವಾಸನೆ ಮಾತ್ರ ಬೀರುವಿನಿಂದ ಆಚೆ ಬರುತ್ತಲೇ ಇತ್ತು.

ಕಾರ್ತಿಕದಲ್ಲಿ ಮಠದ ಬುದ್ಧಿಯವರು ಮನೆಗೆ ಪಾದಪೂಜೆಗೆ ಬರುವುದೆಂದಾಯಿತು. ಅವರ ಗದ್ದುಗೆ ಹಾಕಬೇಕಾದದ್ದು ಬೀರು ಇದ್ದ ಕೋಣೆಯಲ್ಲೇ. ಕೆಲಸಕ್ಕೆ ನೆರವಾಗಲು ಬಂದ ನಾದಿನಿ ಬೀರುವಿನ ಬಾಗಿಲು ತೆಗೆದವಳೇ ಮೂಗು ಮುಚ್ಚಿಕೊಂಡಳು.

"ಏನತ್ಗೆ, ನಮ್ಮಣ್ಣ ಈ ವಯಸ್ನಲ್ಲಿ ಸುರು ಹಚ್ಕೊಂಡ್ನಾ? ಸಾರಾಯಿ ಅಂಗ್ಡಿ ಗಮ್ಲು ಹೊಡಿತದೆ!"

"ಸುಮ್ಕಿರೇ, ಅದು ರಂಜಿ ಹುಳದ್ ಔಸ್ತಿ."

"ಔಸ್ತಿ ಅನ್ಕೊಂಡೇ ಎಲ್ರೂ ಕುಡ್ಯೋದು. ಬುದ್ಧಿಯೋರ ಪಾದ ತೊಳ್ಯೋ ಮನೆ ಕಣತ್ಗೆ ಇದು."

ಗಂಡ ಶಿವಮಲ್ಲಪ್ಪ ಬೆಲ್ಲದ ಮಂಡಿಯಿಂದ ಬಂದವನು ಒಂದೇ ಮಾತಿಗೆ, "ಎತ್ತಿ ಆಚ್ಗೆ ಎಸಿ" ಅಂದ.

ದೇವಮ್ಮಣ್ಣಿ ಎಸೆಯಲಿಲ್ಲ. ಕೊಟ್ಟಿಗೆಯಲ್ಲಿಡೋಣವೆಂದರೆ ಹೆಗ್ಗಣ. ಪಕ್ಕದ ಮನೆಗೆ ಕೊಡೋಣವೆಂದರೆ ಮಕ್ಕಳ ಕಾಟ. ಒಲೆಯ ಮುಂದೆ ಕೂತು ಯೋಚನೆ ಮಾಡಿದಳು. ಅದು ಕಡಲ ಹುಳ, ಹುಟ್ಟಿ ಬೆಳೆದದ್ದೇ ಉಪ್ಪುನೀರಿನಲ್ಲಿ. ನೆಲ್ಲಿಕಾಯಿ, ಮಾವಿನಕಾಯಿ, ನಿಂಬೆಹಣ್ಣು ಎಲ್ಲವನ್ನೂ ಕಾಯುವ ಉಪ್ಪುನೀರು ಉಪ್ಪಿನಲ್ಲೇ ಹುಟ್ಟಿದ್ದನ್ನು ಕಾಯದೆ ಬಿಟ್ಟೀತೆ? ಹಾಗಂದುಕೊಂಡ ಮೇಲೆ ಮನಸ್ಸು ಹಗುರವಾಯಿತು.

ಕಲ್ಲುಪ್ಪು ಹಾಕಿ ನೀರು ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿದಳು. ಸ್ಪಿರಿಟ್ಟನ್ನು ಮಲ್ಲಿನ ಬಟ್ಟೆಯ ಮೇಲೆ ಬಗ್ಗಿಸಿ ಮೋರಿಗೆ ಬಿಟ್ಟಳು. ಬಟ್ಟೆಯ ಮೇಲುಳಿದ ಹುಳಗಳನ್ನು ಎಳೆಗೂಸಿನ ಮೈ ತೊಳೆಯುವಷ್ಟು ಜೋಪಾನವಾಗಿ ತೊಳೆದು ಉಪ್ಪುನೀರಿಗೆ ಇಳಿಸಿದಳು. ಚಿಟಿಕೆ ಅರಿಸಿನವನ್ನೂ ಉದುರಿಸಿದಳು. ಹುಳ ಬೀಳದಿರಲಿ ಎಂದು ಹಾಕುವ ಅರಿಸಿನವನ್ನು ಹುಳಕ್ಕೇ ಹಾಕುತ್ತಿದ್ದೇನಲ್ಲ ಅಂತ ಒಬ್ಬಳೇ ನಕ್ಕಳು.

ಪಾದಪೂಜೆ ಚೆನ್ನಾಗಿ ನಡೆಯಿತು.

ಶಿವರಾತ್ರಿ ಕಳೆದು ಬಿಸಿಲೇರುವ ಹೊತ್ತಿಗೆ ಶಿವರಂಜನಿ ನರಸೀಪುರದಿಂದ ಬಂದಳು. ಮುಖ ಅರಳಿತ್ತು. ಬರವಣಿಗೆ ಮುಗಿದಿದೆ, ಅಚ್ಚು ಹಾಕುವವರು ಒಪ್ಪಿದ್ದಾರೆ. ಹೊಸ ಹುಳಕ್ಕೆ ಹೆಸರಿಟ್ಟರೆ ಆ ಹುಳವನ್ನೇ ಕಲ್ಕತ್ತೆಯ ಸಂಗ್ರಹಾಲಯದಲ್ಲಿ ಕಾಯಮ್ಮಾಗಿ ಇಡಬೇಕು. ಅವಳ ಮೈಸೂರಿನ ಪ್ರೊಫೆಸರು ಅತ್ತ ಹೊರಟಿದ್ದಾರೆ, ಅವರ ಕೈಗೆ ಬಾಟಲಿ ಕೊಟ್ಟರೆ ಮುಗಿಯಿತು.

ಬೀರು ತೆಗೆದಳು. ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು.

"ಅವ್ವ, ಇದ್ಯಾಕೆ ಹಳದಿ?"

"ಅರಿಸ್ನ ಕಣ್ ಮಗ. ಆ ಗಬ್ಬುನಾತದ್ದು ಬಗ್ಗಿಸ್ಬುಟ್ಟು ಒಳ್ಳೆ ಉಪ್ಪುನೀರ್ಗೆ ಹಾಕಿವ್ನಿ. ಕುದಿಸಿ ಆರಿಸಿದ್ ನೀರು. ಏನೂ ಆಗಕ್ಕಿಲ್ಲ."

ಶಿವರಂಜನಿ ಮುಚ್ಚಳ ತಿರುಗಿಸಿದಳು. ಸತ್ತ ಮೀನಿನ ವಾಸನೆ ಕೋಣೆಗೆಲ್ಲ ಹರಡಿತು. ಕೊಡುವ ಮುಂಚೆ ಒಮ್ಮೆ ನೋಡಲೆಂದು ತಂದಿದ್ದ ಮೈಕ್ರೋಸ್ಕೋಪನ್ನು ಚೀಲದಿಂದ ತೆಗೆದು, ಕಿಟಕಿಯ ಹತ್ತಿರ ಇಟ್ಟು ಬಗ್ಗಿದಳು. ಬಗ್ಗಿದವಳು ಬಹಳ ಹೊತ್ತು ತಲೆಯೆತ್ತಲಿಲ್ಲ. ಗಾಜಿನ ಮೇಲೆ ಒಂದಾದ ಮೇಲೆ ಒಂದು ಹನಿ ಬಿಟ್ಟು ನೋಡಿದಳು, ಬಾಟಲಿಯ ತಳದ ಹನಿಯನ್ನೂ ಬಿಡಲಿಲ್ಲ.

"ಕೆಟ್ಟಿಲ್ಲ ತಾನೆ?" ದೇವಮ್ಮಣ್ಣಿ ಹತ್ತಿರ ಬಂದು ಕೇಳಿದಳು.

ಮಗಳು ಎದ್ದು ಜಾಗ ಬಿಟ್ಟಳು. ದೇವಮ್ಮಣ್ಣಿ ಬಗ್ಗಿ ನೋಡಿದಳು. ಅಂದು ಕಂಡಿದ್ದ ಮೈ ಇಲ್ಲ. ಹೆಚ್ಚು ಬೆಂದ ಶ್ಯಾವಿಗೆಯಂತೆ ಏನೋ ಹರಡಿಕೊಂಡಿದೆ. ಕೂದಲುಗಳು ಉದುರಿ, ಮುರಿದು, ಗುಡಿಸಿಟ್ಟ ಕಸದಂತೆ ಅಲ್ಲೊಂದು ಇಲ್ಲೊಂದು ಬಿದ್ದಿವೆ.

ಊಟಕ್ಕೆ ಬಂದ ಶಿವಮಲ್ಲಪ್ಪ ವಿಷಯ ಕೇಳಿ, "ಹುಳ ತಾನೆ? ಆ ಕಡ್ಲಲ್ಲಿ ಇನ್ನೊಂದು ಸಿಕ್ಕಾಕಿಲ್ವಾ?" ಅಂದ.

"ಆ ಜಾಗನೇ ಇಲ್ಲಪ್ಪ. ಬಂದರು ಕಟ್ತೀವಿ ಅಂತ ಬಂಡೆ ಸುರ್ದು ಮುಚ್ಚವ್ರೆ. ಪ್ರೊಫೆಸರು ಹೋಗಿ ನೋಡ್ಕೊಂಡ್ ಬಂದ್ರು. ಬೇರೆ ಕಡೆ ಎಲ್ಲಾ ಹುಡ್ಕಾಗಿದೆ, ಅಲ್ಲಿ ಬಿಟ್ರೆ ಎಲ್ಲೂ ಇರ್ಲಿಲ್ಲ."

"ಚಿತ್ರ ಬರ್ದಿದ್ದೀಯಲ್ಲ ಮಗ," ದೇವಮ್ಮಣ್ಣಿ ಮೆಲ್ಲಗೆ ಅಂದಳು.

"ಚಿತ್ರ ಯಾರ್ ಬೇಕಾದ್ರೂ ಬರೀಬಹುದವ್ವ. ತೋರ್ಸು ಅಂದ್ರೆ ತೋರ್ಸಕ್ಕೆ ಹುಳ ಬೇಕು."

"ಏನ್ ಹೆಸ್ರು ಇಡ್ಬೇಕು ಅಂತಿದ್ದೆ?"

"ಆ ಊರಿಂದೇ. ಹುಟ್ಟಿದ ಊರಿನ ಹೆಸರಾದ್ರೂ ಉಳೀಲಿ ಅಂತ."

ದೇವಮ್ಮಣ್ಣಿ ನೆಲದ ಮೇಲೆ ಕೂತುಬಿಟ್ಟಳು. "ಬಯ್ಯಿ ಮಗ. ಬಾಯ್ಗೆ ಬಂದಂಗೆ ಬಯ್ದ್‌ಬುಡು. ಹಿಂಗೆ ಮಾತ್ರ ಇರ್ಬೇಡ."

"ಏನಂತ ಬಯ್ಲಿ? ಕೆಡಬಾರ್ದು ಅಂತ ನಾನೇ ಹೇಳಿ ಹೋದೆ. ಕೆಡಬಾರ್ದು ಅಂತ್ಲೇ ನೀನೂ ಮಾಡಿದ್ದೀಯ."

ಅಷ್ಟು ಹೇಳಿ ಅವಳು ಮೈಕ್ರೋಸ್ಕೋಪನ್ನು ಚೀಲಕ್ಕೆ ಹಾಕಿಕೊಂಡು ಪ್ರೊಫೆಸರಿಗೆ ಫೋನು ಮಾಡಲು ಬಜಾರಿನ ಎಸ್‌ಟಿಡಿ ಬೂತಿಗೆ ಹೊರಟಳು. ದೇವಮ್ಮಣ್ಣಿ ಸೆರಗು ಹೊದ್ದು ಹಿಂದೆಯೇ ಹೋದಳು. ಅಷ್ಟು ಓದಿದವರು, ಏನಾದರೊಂದು ದಾರಿ ಹೇಳದೆ ಇರುತ್ತಾರೆಯೇ? ಬೂತಿನ ಗಾಜಿನಾಚೆ ನಿಂತು ಮಗಳ ಬಾಯನ್ನೇ ನೋಡಿದಳು. ಮಗಳು ಒಂದೆರಡು ಮಾತಾಡಿದಳು. ಆಮೇಲೆ ಬರೀ ತಲೆಯಾಡಿಸಿದಳು. ಫೋನಿನಲ್ಲಿ ತಲೆಯಾಡಿಸಿದರೆ ಅತ್ತಲಿಂದ ಯಾರಿಗೂ ಕಾಣುವುದಿಲ್ಲವೆನ್ನುವುದೂ ಅವಳಿಗೆ ಮರೆತಿತ್ತು.

ಆಚೆ ಬಂದವಳ ಕೈಯನ್ನು ದೇವಮ್ಮಣ್ಣಿ ಹಿಡಿದುಕೊಂಡಳು. "ನಂಗೊಂಚೂರ್ ಕೊಡು ಮಗ ಆ ಫೋನ. ನಾನೇ ಯೋಳ್ತೀನಿ ಅವ್ರ್ಗೆ. ತಪ್ಪು ನಂದು, ನನ್ ಮಗಳ್ದಲ್ಲ ಅಂತ."

"ಯಾರ ತಪ್ಪು ಅಂತ ಅವರು ಕೇಳ್ಲಿಲ್ಲವ್ವ," ಅಂದಳು ಶಿವರಂಜನಿ. "ಹುಳ ಇದೆಯಾ ಅಂದ್ರು. ಇಲ್ಲ ಅಂದೆ. ಹಾಗಾದ್ರೆ ಬರೆದದ್ದನ್ನ ವಾಪಸ್ ತರಿಸ್ಕೋ ಅಂದ್ರು."

ನರಸೀಪುರದ ಬಸ್ಸು ಹೊರಡುವ ಹೊತ್ತಾಗಿತ್ತು. ಮಗಳು ಮನೆಗೆ ವಾಪಸು ಬರಲಿಲ್ಲ, ಅಲ್ಲಿಂದಲೇ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತು ಮುಂದಿನ ಸೀಟಿನ ಕಂಬಿಗೆ ಹಣೆ ಆನಿಸಿದಳು. ಬಸ್ಸು ತಿರುಗಿ ಮರೆಯಾಗುವವರೆಗೂ ಅವಳ ತಲೆ ಹಾಗೇ ಇತ್ತು. ಬಿಸಿಲು ಕಾದ ರಸ್ತೆಯಲ್ಲಿ ದೇವಮ್ಮಣ್ಣಿ ಒಬ್ಬಳೇ ನಿಂತಿದ್ದಳು. ಪರಿಚಯದವರು ಯಾರೋ, "ಏನಮ್ಮಣ್ಣಿ, ಮಗಳು ಬಂದಂಗೇ ಹೊಂಟೋದ್ಲಾ?" ಅಂತ ಕೇಳಿದರು. ಅವಳು ಸೆರಗು ಎಳೆದುಕೊಂಡು ಮನೆಯ ಕಡೆ ಹೊರಟಳು.