ಮಂಚಯ್ಯನ ಕಿವಿಗೆ ಹೇಳಿದ ಮಾತು

ನಂಬಿ ಹೇಳಿದ ಮಾತೊಂದು ಹೊರಗೆ ಹೋಗಿ ಒಬ್ಬ ಮನುಷ್ಯನ ಹೆಸರು ಕೆಟ್ಟ ಕತೆ ಇದು. ಅದನ್ನು ಮತ್ತೆ ಹೊರಗೆ ಹೇಳುತ್ತಿರುವುದಕ್ಕೆ ಓದುವವರು ಕ್ಷಮಿಸಬೇಕು.

ಅರ್ಪಿತ ಬಗ್ಗಿ, ಅಂಗಳದಲ್ಲಿ ಮಲಗಿಸಿದ್ದ ಮಂಚಯ್ಯನ ಹೆಣದ ತುಟಿಯ ಮೇಲೆ ಅಕ್ಕಿ ಉದುರಿಸಿದಳು. ಅರ್ಧ ಕೆನ್ನೆಗೆ ಜಾರಿತು.

"ಮೆಲ್ಲಗೆ ಕಣವ್ವ," ಎಂದು ಅವನ ಹೆಂಡತಿ ಪುಟ್ಟತಾಯಮ್ಮ ಸೆರಗಿನಿಂದ ಕಾಳು ಒರೆಸಿದಳು.

ರಂಜಿತ ಮಾತ್ರ ಹತ್ತಿರ ಬರಲಿಲ್ಲ. ಅವ್ವನ ಬಲವಂತಕ್ಕೆ ಪಾಂಡವಪುರದಿಂದ ಬಂದವಳು, ಅಂಗಳದ ಕಂಬಕ್ಕೆ ಒರಗಿ ನಿಂತಿದ್ದಳು.

"ಬಾರವ್ವ, ನೀನೂ ಬಾಯಿಗೆ ಎಲ್ಡು ಕಾಳಾಕು," ಎಂದ ಪಕ್ಕದ ಮನೆಯ ಚಲುವರಾಜು.

"ನಂಗ್ ಬ್ಯಾಡ ಬುಡಣ್ಣ. ಕಿವೀಲಿ ಹೇಳಿದ್ನ ಊರಿಗೆಲ್ಲ ಹೇಳ್ದೋರು. ನಮ್ಮಪ್ಪ ಸಾಯೋಗಂಟ ತಲೆ ಎತ್ಲಿಲ್ಲ."

ಬೀಡಿ ಸೇದುತ್ತಿದ್ದ ಮುದ್ದಯ್ಯ ನಕ್ಕ. "ದ್ಯಾವ್ರಿಗೊಂದು ದೀಪ, ಡೈರಿಗೊಂದು ವರದಿ. ಅಂಗಿತ್ತು ಕಣ್ಲಾ ಇವ್ನ ಪ್ರಾರ್ಥನೆ."

ಊರಿಗೆ ಹೇಳಿದ್ದು ಮಂಚಯ್ಯನಲ್ಲ, ತಾನು ಎಂದು ಅರ್ಪಿತಳಿಗೆ ಗೊತ್ತಿತ್ತು. ಹೆಣ ಎತ್ತುವ ಮೊದಲು ಅಷ್ಟು ಹೇಳಿದ್ದರೆ ಸಾಕಿತ್ತು. ಪುಟ್ಟತಾಯಮ್ಮ ತಲೆ ತಗ್ಗಿಸಿ ಕೂತಿದ್ದಳು. ಅರ್ಪಿತ ಕೆಳಗೆ ಬಿದ್ದಿದ್ದ ಅಕ್ಕಿಕಾಳು ಆಯತೊಡಗಿದಳು.

* * *

ಹದಿನೆಂಟು ವರ್ಷದ ಹಿಂದೆ ಮಂಚಯ್ಯ ಊರ ಡೈರಿಯಲ್ಲಿ ಹಾಲು ಪರೀಕ್ಷಿಸುತ್ತಿದ್ದ. ಸಂಜೆಯ ಹಾಲು ಮುಗಿದ ಮೇಲೆ ಕೈಕಾಲು ತೊಳೆದು ರಾಮಮಂದಿರದ ಜಗಲಿಗೆ ಬರುತ್ತಿದ್ದ. ಕ್ಯಾನು ತಂದ ಮಕ್ಕಳೆಲ್ಲ ಅಲ್ಲಿಗೇ. ಒಂದು ಪ್ರಾರ್ಥನೆ, ಆಮೇಲೆ ಊದುಕಡ್ಡಿ ಅರ್ಧ ಉರಿಯುವವರೆಗೆ ಕಣ್ಣು ಮುಚ್ಚಿ ಸುಮ್ಮನೆ ಕೂರುವುದು.

"ಇವತ್ತು ಮನ್ಸಿಗೆ ಏನ್ ಚುಚ್ತಾ ಐತೆ, ನೋಡ್ಕಳಿ. ತಡ್ಯಕ್ಕಾಗ್ದಿದ್ರೆ ನನ್ ಕಿವೀಲಿ ಹೇಳ್ಬುಡಿ, ಹಗುರಾಯ್ತದೆ."

ಕದ್ದ ಪೆನ್ಸಿಲಿನ ವಿಷಯ ಅರ್ಪಿತ ಹಾಗೇ ಹೇಳಿದ್ದಳು. ಆ ರಾತ್ರಿ ಒಳ್ಳೆಯ ನಿದ್ದೆ ಬಂದಿತ್ತು.

ಒಂದು ಸಂಜೆ ರಂಜಿತ ಅವನ ಕಿವಿಗೆ ಬಾಯಿಟ್ಟಳು. ಪಕ್ಕದಲ್ಲಿದ್ದ ಅರ್ಪಿತಳಿಗೂ ಕೇಳಿಸಿತು.

"ಮಾವ, ನಮ್ಮಪ್ಪ ಹಾಲಿಗೆ ನೀರು ಉಯ್ಯಿ ಅಂತದೆ. ನಾನೇ ಉಯ್ತೀನಿ."

"ನಾಳೆಯಿಂದ ನೀನ್ ಉಯ್ಬೇಡ ಮಗ. ಅಪ್ಪನ್ತಾವ ನಾನು ಮಾತಾಡ್ತೀನಿ."

ಊಟಕ್ಕೆ ಕೂತಾಗ ಅರ್ಪಿತ ಅದನ್ನು ಅವ್ವನಿಗೆ ಹೇಳಿದಳು. ದೊಡ್ಡ ಸುದ್ದಿ ತಂದ ಹೆಮ್ಮೆಯಿತ್ತು. ಬೆಳಗಾಗುವುದರೊಳಗೆ ಕೇರಿಗೆಲ್ಲ ಗೊತ್ತಾಗಿ, ರಂಜಿತಳ ಅಪ್ಪನ ಕ್ಯಾನನ್ನು ಜನ ಡೈರಿಯ ಮುಂದೆ ಮೋರಿಗೆ ಸುರಿದರು. ಯಾರಿಂದ ಕೇಳಿದ್ದೆಂದು ಅವ್ವ ಹೇಳಿರಲಿಲ್ಲ. ಹಾಲು ಪರೀಕ್ಷಿಸುವವನ ಕಿವಿಗೆ ಬಿದ್ದಿದ್ದ ಮಾತು. ಬೇರೆ ಯಾರ ಮೇಲೂ ಅನುಮಾನ ಹೋಗಲಿಲ್ಲ.

ಅಂದು ಸಂಜೆ ಜಗಲಿಗೆ ಒಂದು ಮಗುವನ್ನೂ ಯಾರೂ ಕಳಿಸಲಿಲ್ಲ. ಆಮೇಲೂ ಕಳಿಸಲಿಲ್ಲ. ಮಂಚಯ್ಯ ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ಮಂದಿರದಲ್ಲಿ ಒಬ್ಬನೇ ಕಣ್ಣು ಮುಚ್ಚಿ ಕೂತು ಮನೆಗೆ ಹೋಗುತ್ತಿದ್ದ. ಅರ್ಪಿತ ಆ ಬೀದಿ ಬಿಟ್ಟು ಸುತ್ತು ಬಳಸಿ ಶಾಲೆಗೆ ಹೋದಳು.

* * *

ಮಂಚಯ್ಯನನ್ನು ಹೂತು ಮಣ್ಣು ಮುಚ್ಚಿದ ಮೇಲೆ ಗಂಡಸರು ಮೀಯಲು ನಾಲೆಗೆ ಇಳಿದರು. ಅರ್ಪಿತ ಬದುವಿನ ಮೇಲೆ ರಂಜಿತಳ ಪಕ್ಕಕ್ಕೆ ಹೋಗಿ ನಿಂತಳು.

"ರಂಜಿ, ಅವತ್ತು ಹೇಳಿದ್ದು ಮಾವ ಅಲ್ಲ. ನಾನು. ನಮ್ಮವ್ವಂಗೆ ಹೇಳ್ಬುಟ್ಟೆ."

ರಂಜಿತ ಅವಳನ್ನೇ ನೋಡಿದಳು. "ಬೆಳಿಗ್ಗೆ ಬಾಯಿಗೇನಾಗಿತ್ತೇ ನಿಂಗೆ?"

"ನಾಚ್ಕೆ ಆಯ್ತು."

"ಈಗ ಆಯ್ತಿಲ್ವಾ?"

ರಂಜಿತ ಚಪ್ಪಲಿ ಬಿಟ್ಟು ಹೂತ ಜಾಗದ ಮಣ್ಣಿನ ಗುಡ್ಡೆಯ ಹತ್ತಿರ ಹೋದಳು.

"ಚಲುವರಾಜಣ್ಣ, ತಲೆ ಯಾವ ಕಡೇಗೈತೆ?"

ಅವನು ನೀರಿನಿಂದಲೇ ಕೈ ತೋರಿಸಿದ. ರಂಜಿತ ಅಲ್ಲಿ ಕುಕ್ಕರುಗಾಲಲ್ಲಿ ಕೂತು, ಮಣ್ಣಿನಲ್ಲಿದ್ದ ಕಲ್ಲುಗಳನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕಿಡತೊಡಗಿದಳು. ಅರ್ಪಿತ ಕೈ ಹಾಕಲು ಬಗ್ಗಿದಳು.

"ನೀನ್ ಮುಟ್ಬೇಡ."

ಅರ್ಪಿತ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ನಿಂತಳು. ದೊಡ್ಡ ಹೆಂಟೆಗಳನ್ನು ರಂಜಿತ ಬೆರಳಲ್ಲಿ ಪುಡಿ ಮಾಡಿ, ಮುಖವಿರುವಲ್ಲಿ ಹುಡಿಮಣ್ಣು ಮಾತ್ರ ಉಳಿಸಿದಳು.

ಮಾತು ಹೊರಗೆ ಹಾಕಿದ್ದು ಯಾರೆಂದು ಮಂಚಯ್ಯನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಸುಮ್ಮನಿದ್ದನೋ, ಅದು ಗೊತ್ತಿಲ್ಲ.