ತಡೀರಿ ಎಂದವಳ ಫೋನು

ನಾನು ಒಂದು ಮೇಜಿನ ಫೋನು. ಪುಣೆಯ ಹತ್ತಿರದ ಕಾರ್ಖಾನೆಯಲ್ಲಿ ಹುಟ್ಟಿದೆ. ಅಲ್ಲಿ ನನಗೆ ಕಿವಿ ಕೊಟ್ಟರು, ಬಾಯಿ ಕೊಟ್ಟರು, ಸ್ವಂತ ಮಾತು ಮಾತ್ರ ಕೊಡಲಿಲ್ಲ. ಆಮೇಲೆ ಮುಂಬೈಯ ಹೂಡಿಕೆ ಬ್ಯಾಂಕೊಂದಕ್ಕೆ ಮಾರಿದರು. ಅಲ್ಲಿ ನನಗೊಂದು ಹೊಸ ಕಸುಬು ಅಂಟಿತು. ರಿಸೀವರ್ ಎತ್ತಿದರೆ ಆಡಿದ ಮಾತೆಲ್ಲ ರೆಕಾರ್ಡ್ ಆಗುತ್ತದೆ, ಕೆಳಗಿಟ್ಟರೆ ಇಲ್ಲ. ಆಗಲೂ ನನಗೆ ಎಲ್ಲ ಕೇಳಿಸುತ್ತದೆ, ಆದರೆ ಅದು ಯಾರಿಗೂ ಬೇಕಿಲ್ಲ.

ಮೊದಲು ಷೇರು ಮಾರುವವನೊಬ್ಬನ ಮೇಜಿನಲ್ಲಿದ್ದೆ. ಅವನ ಸುಳ್ಳು ಕೇಳಿ ಕೇಳಿ ನನ್ನ ಕಿವಿ ತೂತಾಗುವ ಹೊತ್ತಿಗೆ ಅವನಿಗೆ ಬಡ್ತಿ ಸಿಕ್ಕಿತು. ನನ್ನನ್ನು ಧಾರವಾಡದ ನೀಲಾಂಬಿಕಾ ಹಂಚಿನಾಳಳ ಮೇಜಿಗೆ ದಾಟಿಸಿದರು. ಗಿರಾಕಿಗಳ ಹಣದಲ್ಲಿ ಕಳ್ಳದುಡ್ಡಿನ ವಾಸನೆ ಬಂದರೆ, ಸರ್ಕಾರಕ್ಕೆ ತಿಳಿಸಲು ವರದಿ ಬರೆಯುವುದು ನೀಲಾಳ ಕೆಲಸ. ಬರೆದ ಸುಳಿವು ಗಿರಾಕಿಗೆ ಹತ್ತಬಾರದು, ಹತ್ತಿಸಿದರೆ ಕೆಲಸ ಹೋಯಿತೆಂದೇ ಲೆಕ್ಕ. ಅವಳ ಬಾಯಿ ಭಾರಿ ಬಿಗಿ. ಹೆತ್ತ ತಾಯಿಯೇ ಫೋನು ಮಾಡಿ "ಏನ್ ಕೆಲಸವ್ವಾ ನಿಂದು?" ಅಂದರೂ "ಕುಂತು ಮಾಡೋ ಕೆಲಸ ಬೇ ಯವ್ವಾ" ಎಂದು ಮಾತು ಮುಗಿಸುತ್ತಿದ್ದಳು. ನನಗೆ ಅವಳ ಮೇಲೆ ಪ್ರೀತಿ ಹುಟ್ಟಿತು.

ಒಂದು ಸಲ ಹುಬ್ಬಳ್ಳಿಯ ಕಂಪನಿಯೊಂದರ ಹಣ ಅವಳ ಕಣ್ಣಿಗೆ ಬಿತ್ತು. ಯಾರ್ಯಾರದೋ ಖಾತೆಗಳಿಂದ ಬಂದು, ಷೇರಾಗಿ, ಮರುದಿನವೇ ಮತ್ತೆ ಹಣವಾಗಿ ದುಬೈಗೆ ಹಾರುತ್ತಿತ್ತು. ನೀಲಾ ವರದಿ ಬರೆದಳು, ಹಣ ನಿಂತಿತು. ಆ ಕಂಪನಿಯನ್ನು ಬ್ಯಾಂಕಿಗೆ ಕರೆತಂದವನು ಹಟ್ಟಂಗಡಿ, ಹೊನ್ನಾವರ ಕಡೆಯವನು, ದೊಡ್ಡ ಅಧಿಕಾರಿ. ಅವಳು ಊಟಕ್ಕೆ ಹೋದಾಗ ಅವಳ ಮೇಜಿಗೇ ಒರಗಿ, ತನ್ನ ಮೊಬೈಲಿನಲ್ಲಿ ಕಂಪನಿಯ ಮಾಲೀಕನಿಗೆ ಹೇಳಿದ: "ನಿಮ್ಮ ಮೇಲೆ ವರದಿ ಬರೆದಾಗಿದೆ. ಉಳಿದದ್ದನ್ನು ಇಲ್ಲಿಗೆ ಕಳಿಸಬೇಡಿ." ನನ್ನ ರಿಸೀವರ್ ಕೆಳಗಿತ್ತು.

ಅದೇ ಸಂಜೆ ಆ ಕಂಪನಿಯ ಗುಮಾಸ್ತನ ಕರೆ ಬಂತು, ನೀಲಾ ರಿಸೀವರ್ ಎತ್ತಿದಳು. ಒಳಗಿನದೇನೂ ಅರಿಯದ ಮುದುಕ.

"ಅಕ್ಕಾರ, ನಮ್ಮ ರೊಕ್ಕ ಯಾಕ ನಿಂತೈತ್ರೀ? ಮಾಲಕರು ಬಾಯಿಗೆ ಬಂದಂಗ ಬೈಯಾಕತ್ತಾರ."

ಊರಿನ ಮಾತು ಕಿವಿಗೆ ಬಿದ್ದು ಅವಳ ದನಿ ಮೆತ್ತಗಾಯಿತು. "ಈಗೇನೂ ಹೇಳಾಕ ಬರೂದಿಲ್ರೀ. ಒಂಚೂರು ತಡೀರಿ."

ಕಂಪನಿ ಉಳಿದ ಹಣವನ್ನು ಬೇರೆ ದಾರಿಗೆ ತಿರುಗಿಸಿತು. ಸುಳಿವು ಕೊಟ್ಟವರು ಯಾರೆಂದು ವಿಚಾರಣೆ ಕೂತಿತು. ನನ್ನನ್ನು ಎಲ್ಲರ ನಡುವೆ ಇಟ್ಟು, ನನ್ನ ಸ್ಪೀಕರಿನಿಂದಲೇ ನೀಲಾ ಗುಮಾಸ್ತನಿಗೆ ಹೇಳಿದ ಮಾತಿನ ರೆಕಾರ್ಡಿಂಗ್ ಕೇಳಿಸಿದರು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ವಿಚಾರಣೆ ನಡೆಸಲು ದೆಹಲಿಯಿಂದ ಬಂದ ಮೇಡಂಗೆ ಕನ್ನಡ ಬಾರದು. ಅಲ್ಲಿ ನೀಲಾಳನ್ನು ಬಿಟ್ಟರೆ ಕನ್ನಡ ಬಲ್ಲವನು ಹಟ್ಟಂಗಡಿಯೊಬ್ಬನೇ, ಹಾಗಾಗಿ ಅರ್ಥ ಹೇಳಲು ಅವನನ್ನೇ ಕೇಳಿದರು.

"ತಡೆ ಎಂದರೆ ನಿಲ್ಲಿಸುವುದು, ಮೇಡಂ," ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. "ಹಣ ಕಳಿಸುವುದನ್ನು ನಿಲ್ಲಿಸಿ ಅಂದಿದ್ದಾಳೆ." ಮೊಬೈಲಿನಲ್ಲಿ ನಿಘಂಟು ತೆಗೆದು ತೋರಿಸಿದ. ನಿಘಂಟಿನಲ್ಲೂ ಹಾಗೇ ಇತ್ತು.

ನೀಲಾ ಅವನತ್ತ ತಿರುಗಿದಳು. "ಸರ್, ತಡೀರಿ ಅಂದ್ರ ಕಾಯ್ರಿ ಅಂತ. ನಿಮಗ ಗೊತ್ತೈತಿ."

ಅವನು ಮುಖದ ತುಂಬ ಕನಿಕರ ತಂದುಕೊಂಡು ಕನ್ನಡದಲ್ಲೇ ಹೇಳಿದ: "ಗೊತ್ತುಂಟು ಮಾರಾಯ್ತಿ. ಇವರಿಗೆ ಗೊತ್ತಿಲ್ಲವಲ್ಲ."

ಏನಂದಿರಿ ಎಂದು ಮೇಡಂ ಕೇಳಿದರು. ಸಮಾಧಾನ ಹೇಳಿದೆ ಎಂದ. ನೀಲಾ ಅವನ ಮಾತನ್ನು ಅಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳುವುದೆಂದು ಮೇಡಂ ಪೆನ್ನು ಮುಚ್ಚಿದರು.

ಕಳ್ಳರಿಗೆ ಸುಳಿವು ಕೊಟ್ಟಳೆಂದು ಅವಳನ್ನು ಹೊರಗೆ ಕಳಿಸಿದರು. ಇಂಥವಳ ವರದಿ ನಂಬುವಂತಿಲ್ಲ, ಕಳ್ಳರೇ ಇರಲಿಲ್ಲವೆಂದು ನಿಂತ ಹಣವನ್ನೂ ಕಳಿಸಿದರು. ಎರಡೂ ಒಂದೇ ವಾರದಲ್ಲಿ ನಡೆದವು, ಯಾರಿಗೂ ನಗು ಬರಲಿಲ್ಲ.

ನಾನು ಹಟ್ಟಂಗಡಿಯ ಕೋಣೆ ಸೇರಿದೆ. ಅಲ್ಲೇ ಮುದಿಯಾದೆ. ಈಗ ಕುರ್ಲಾದ ಗುಜರಿಯಲ್ಲಿ, ಮಿಕ್ಸಿ ಫ್ಯಾನುಗಳ ನಡುವೆ ವೈರು ಕಿತ್ತು ಬಿದ್ದಿದ್ದೇನೆ. ಕೇಳಿದ್ದನ್ನು ತಪ್ಪಿಲ್ಲದೆ ಒಪ್ಪಿಸಿದ್ದೇ ನನ್ನ ಬಾಳಿನ ಸಾಧನೆ. ಅದರಿಂದಲೇ ಒಬ್ಬಳು ಹಾಳಾದಳು.

ಹಟ್ಟಂಗಡಿಯ ಕೋಣೆಯಲ್ಲಿ ನನ್ನ ಮೂಲಕ ಬಂದ ಕೊನೆಯ ಕರೆ ಬೇರೊಂದು ಬ್ಯಾಂಕಿನದು. ನೀಲಾಂಬಿಕಾ ಎಂಬುವಳು ಕೆಲಸ ಕೇಳಿಕೊಂಡು ಬಂದಿದ್ದಾಳೆ, ಹೇಗೆ ಅವಳು, ಎಂದು ವಿಚಾರಿಸಿದರು.

"ಚುರುಕು ಹುಡುಗಿ," ಎಂದ ಹಟ್ಟಂಗಡಿ. ಆಮೇಲೆ ನಿಟ್ಟುಸಿರು ಬಿಟ್ಟು, "ಪಾಪ, ಅವಳ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ," ಎಂದ.

ಮೊದಲೇ ತಿಳಿಸಿ ಉಪಕಾರ ಮಾಡಿದಿರಿ ಎಂದರು ಆ ಕಡೆಯವರು.